ಹಳೇ ಕಾರಿಗೆ ಏರ್ ಬ್ಯಾಗ್: ಮೊದಲು ಅಳತೆ, ಆಮೇಲೆ ಬ್ಯಾಗ್

(ಹಳೆಯ ಕಾರುಗಳನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೇಳುಗರು ನಡುವೆ ಎತ್ತಿದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೇ ಕಾರಿಗೆ ಏರ್ ಸಸ್ಪೆನ್ಷನ್ ಹಾಕಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಯಾವ ಕಂಪನಿಯ ಬ್ಯಾಗ್ ಒಳ್ಳೆಯದು?" ನಾನು ಅದಕ್ಕೆ ಉತ್ತರ ಕೊಡುವ ಬದಲು ವಾಪಸ್ ಮೂರು ಪ್ರಶ್ನೆ ಕೇಳುತ್ತೇನೆ. ಕಾರು ಓಡುವಾಗ ಎಷ್ಟು ಎತ್ತರದಲ್ಲಿರಬೇಕು? ಆ ಎತ್ತರದಲ್ಲಿ ನಿಂತಾಗ ಸ್ಪ್ರಿಂಗ್ ಕೂರುವ ಜಾಗದಲ್ಲಿ ಮೇಲಿನ ಸೀಟಿಗೂ ಕೆಳಗಿನ ಸೀಟಿಗೂ ನಡುವೆ ಎಷ್ಟು ಇಂಚು ಇದೆ? ಆ ಮೂಲೆಯ ಮೇಲೆ ಬೀಳುವ ಭಾರ ಎಷ್ಟು?

ಹೆಚ್ಚಿನವರ ಹತ್ತಿರ ಈ ಮೂರಕ್ಕೂ ಉತ್ತರ ಇರುವುದಿಲ್ಲ. ಆದರೆ ಬ್ಯಾಗ್ ಆಗಲೇ ಆರ್ಡರ್ ಆಗಿರುತ್ತದೆ! ಆಮೇಲೆ ಆ ಬ್ಯಾಗಿಗೆ ಕಾರನ್ನು ಹೊಂದಿಸುವ ಪರದಾಟ ಶುರು. ಇವತ್ತು ನಾನು ಹೇಳಬೇಕಾದ್ದು ಇಷ್ಟೇ: ಬ್ಯಾಗನ್ನು ನಾವು ಆರಿಸಬಾರದು, ಕಾರಿನ ಅಳತೆಗಳು ಆರಿಸಬೇಕು. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಹೊಸಬರಿಗೆ ಒಂದು ಮಾತು. ಅಪಘಾತ ಆದಾಗ ಸ್ಟೀರಿಂಗಿನಿಂದ ಉಬ್ಬಿ ಬರುವ ಏರ್ ಬ್ಯಾಗ್ ಬಗ್ಗೆ ನಾನು ಮಾತಾಡುತ್ತಿಲ್ಲ. ಕಾಯಿಲ್ ಸ್ಪ್ರಿಂಗ್ ಇದ್ದ ಜಾಗದಲ್ಲಿ ಕೂತು, ಒಳಗಿನ ಗಾಳಿಯ ಬಲದಿಂದ ಇಡೀ ಕಾರನ್ನು ಹೊರುವ ರಬ್ಬರ್ ಬ್ಯಾಗ್ ಇದು. ಗಾಳಿ ತುಂಬಿದರೆ ಕಾರು ಏಳುತ್ತದೆ, ಬಿಟ್ಟರೆ ನೆಲಕ್ಕೆ ಮಲಗುತ್ತದೆ.

ಇದೇನೂ ಮೊನ್ನೆ ಮೊನ್ನೆ ಹುಟ್ಟಿದ ವಿದ್ಯೆ ಅಲ್ಲ. ಅಮೆರಿಕದ ಬಸ್ಸುಗಳು 1950ರ ದಶಕದಲ್ಲೇ ಗಾಳಿಯ ಮೇಲೆ ಓಡುತ್ತಿದ್ದವು. 1954ರಲ್ಲಿ ಬಂದ ಗ್ರೇಹೌಂಡ್‌ನ ಸೀನಿಕ್ರೂಸರ್ ಬಸ್ಸಿನಲ್ಲಿ ಏರ್ ಸಸ್ಪೆನ್ಷನ್ ಇತ್ತು. 1957ರಲ್ಲಿ ಕ್ಯಾಡಿಲಾಕ್ ತನ್ನ ಎಲ್ಡೊರಾಡೊ ಬ್ರೂಮ್ ಕಾರಿಗೆ ಅದನ್ನು ಕೊಟ್ಟಿತು. ಮರುವರ್ಷ, 1958ಕ್ಕೆ, ಶೆವ್ರೊಲೆಯಲ್ಲಿ 'ಲೆವೆಲ್ ಏರ್', ಬ್ಯೂಕ್‌ನಲ್ಲಿ 'ಏರ್ ಪಾಯ್ಸ್' ಅಂತ ಒಂದೊಂದು ಹೆಸರಿನಲ್ಲಿ ಜನರಲ್ ಮೋಟಾರ್ಸ್‌ನ ಬೇರೆ ಕಾರುಗಳಿಗೂ ಬಂತು. ಉಳಿಯಲಿಲ್ಲ. ಗಾಳಿ ಸೋರುತ್ತಿತ್ತು, ವಾಲ್ವ್‌ಗಳು ಕೈಕೊಡುತ್ತಿದ್ದವು. ಎಷ್ಟೋ ಮಾಲೀಕರು ಕಿತ್ತುಹಾಕಿಸಿ ಮತ್ತೆ ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು. ಗಾಳಿಯ ಮೇಲೆ ಕಾರು ಹೊರುವ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸೋಲು ಬಂದದ್ದು ಸೀಲು, ವಾಲ್ವು, ತೇವಾಂಶಗಳ ಕಡೆಯಿಂದ. ಈಗಲೂ ತೊಂದರೆ ಬಂದರೆ ಹೆಚ್ಚಾಗಿ ಅಲ್ಲಿಂದಲೇ.

ಇತ್ತ ಕಸ್ಟಮ್ ಕಾರು ಕಟ್ಟುವವರು ಕಾರನ್ನು ತಗ್ಗಿಸಲು ಕಾಯಿಲ್ ಕತ್ತರಿಸುತ್ತಿದ್ದರು, ಹಿಂದಿನ ಆಕ್ಸಲಿಗೂ ಲೀಫ್ ಸ್ಪ್ರಿಂಗಿಗೂ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ನಡುವೆ ಬ್ಲಾಕ್ ಇಡುತ್ತಿದ್ದರು. ಕಾರು ಯಾವಾಗಲೂ ತಗ್ಗಿನಲ್ಲೇ ಇರುತ್ತಿತ್ತು. 1958ರ ಜನವರಿಯಿಂದ ಕ್ಯಾಲಿಫೋರ್ನಿಯದಲ್ಲಿ ಒಂದು ಕಾನೂನು ಜಾರಿಗೆ ಬಂತು. ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇಳಿದಿರಬಾರದು ಅಂತ. ರಾನ್ ಅಗಿರೆ ಅನ್ನುವವರು 1959ರಲ್ಲಿ ತಮ್ಮ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಸಿಲಿಂಡರ್ ಕೂರಿಸಿ, ಬೇಕೆಂದಾಗ ಏರಿಸುವ, ಬೇಡವೆಂದಾಗ ಇಳಿಸುವ ದಾರಿ ತೋರಿಸಿದರು. ಏರಿಸು, ಇಳಿಸು ಅನ್ನುವ ಆ ಆಸೆಯನ್ನೇ ಇವತ್ತು ನಾವು ಗಾಳಿಯಿಂದ ತೀರಿಸಿಕೊಳ್ಳುತ್ತಿದ್ದೇವೆ. ಆ ಕಾನೂನಿನ ರಿಮ್ಮಿನ ಗೆರೆ ಇದೆಯಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಈಗ ಅಳತೆಗೆ ಬರೋಣ.

ಮುಂದಿನ ಒಂದು ಮೂಲೆ ತೆಗೆದುಕೊಳ್ಳಿ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ. ಕಾಯಿಲ್ ಸ್ಪ್ರಿಂಗನ್ನು ಕಂಪ್ರೆಸರ್ ಟೂಲ್ ಹಾಕಿ ಹುಷಾರಾಗಿ ತೆಗೆಯಿರಿ. ಅದರೊಳಗೆ ತುಂಬಿರುವ ಶಕ್ತಿಯ ಜೊತೆ ಆಟ ಬೇಡ. ಶಾಕ್ ಅಬ್ಸಾರ್ಬರನ್ನೂ ಬಿಚ್ಚಿಡಿ. ಈಗ ಕೆಳಗಿನ ಆರ್ಮ್, ಅಂದರೆ ಚಕ್ರವನ್ನು ಚಾಸಿಗೆ ಸೇರಿಸುವ ತೋಳು, ಸಡಿಲವಾಗಿ ಮೇಲೆ ಕೆಳಗೆ ಆಡುತ್ತದೆ. ಚಕ್ರ ಹಾಕಿ, ಅದರ ಕೆಳಗೆ ಜಾಕ್ ಇಟ್ಟು ನಿಧಾನಕ್ಕೆ ಎತ್ತಿ. ಫೆಂಡರಿನ ಅಂಚು ಟೈರಿನ ಮೇಲೆ ಎಲ್ಲಿ ಬಂದರೆ ನಿಮಗೆ ಇಷ್ಟವೋ ಅಲ್ಲಿ ನಿಲ್ಲಿಸಿ. ಸುಮ್ನೆ ನಿಂತಾಗಿನ ನೋಟ ಅಲ್ಲ, ರಸ್ತೆಯಲ್ಲಿ ಓಡುವಾಗಿನ ಎತ್ತರ. ಈಗ ಟೇಪು ಹಿಡಿದು ಮೇಲಿನ ಸ್ಪ್ರಿಂಗ್ ಸೀಟಿನಿಂದ ಕೆಳಗಿನ ಸೀಟಿಗೆ ಎಷ್ಟು ಅಂತ ಅಳೆಯಿರಿ, ಬರೆದುಕೊಳ್ಳಿ. ಚಾಸಿ ನೆಲಕ್ಕೆ ಮಲಗಿದಾಗ ಚಕ್ರ ಎಲ್ಲಿರುತ್ತದೋ ಅಲ್ಲಿಗೆ ಎತ್ತಿ ಇನ್ನೊಮ್ಮೆ ಅಳೆಯಿರಿ. ಚಕ್ರವನ್ನು ಪೂರ್ತಿ ಕೆಳಗೆ ಬಿಟ್ಟು ಮತ್ತೊಮ್ಮೆ. ಹೀಗೆ ಒಂದು ಮೂಲೆಗೆ ಮೂರು ಅಂಕಿ ಸಿಗುತ್ತವೆ.

ಅದೇ ಹೊತ್ತಿಗೆ ಇನ್ನೊಂದು ಕೆಲಸ ಮುಗಿಸಿ. ಓಡುವ ಎತ್ತರದಿಂದ ಚಕ್ರವನ್ನು ಸರಿಯಾಗಿ 2 ಇಂಚು ಎತ್ತಿ. ಸೀಟುಗಳ ನಡುವಿನ ಜಾಗ ಎಷ್ಟು ಕಡಿಮೆ ಆಯಿತು ನೋಡಿ. 1 ಇಂಚು ಕಡಿಮೆ ಆದರೆ ನಿಮ್ಮ ಮೋಷನ್ ರೇಶಿಯೋ, ಅಂದರೆ ಚಕ್ರ ಆಡಿದ್ದರಲ್ಲಿ ಸ್ಪ್ರಿಂಗ್ ಆಡುವ ಪಾಲು, ಅರ್ಧ ಅಂತ. ಹಳೆಯ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮಿನ ನಡು ಭಾಗದಲ್ಲಿ ಕೂರುವುದರಿಂದ ಹೆಚ್ಚು ಕಡಿಮೆ ಅರ್ಧದ ಆಸುಪಾಸಿನಲ್ಲೇ ಬರುತ್ತದೆ. ಆದರೆ ಊಹೆ ಬೇಡ, ನಿಮ್ಮ ಕಾರಿನಲ್ಲೇ ಅಳೆಯಿರಿ.

ಈ ಒಂದು ಅಂಕಿ ಎಷ್ಟೊಂದು ಹೇಳುತ್ತದೆ ನೋಡಿ. ರೇಶಿಯೋ ಅರ್ಧ ಇದ್ದರೆ ಚಕ್ರ 6 ಇಂಚು ಆಡಲು ಬ್ಯಾಗ್ ಬರೀ 3 ಇಂಚು ಆಡಿದರೆ ಸಾಕು. ಇದು ಲಾಭ. ಆದರೆ ಚಕ್ರದ ಮೇಲಿನ ಭಾರದ ಎರಡರಷ್ಟನ್ನು ಬ್ಯಾಗ್ ಹೊರಬೇಕು. ಇದು ಅದಕ್ಕೆ ತೆರುವ ಬೆಲೆ. ಸನ್ನೆಗೋಲಿನ ಲೆಕ್ಕ ಅಷ್ಟೆ.

ಭಾರಕ್ಕೆ ನಾಲ್ಕು ಮೂಲೆಗೆ ನಾಲ್ಕು ತೂಕದ ತಟ್ಟೆ ಇಟ್ಟು ತೂಗುವುದೇ ಸರಿ. ಎಂಜಿನ್, ಪೂರ್ತಿ ಇಂಧನ, ಸೀಟು ಎಲ್ಲ ಒಳಗಿರಬೇಕು. ಒಂದು ಉದಾಹರಣೆ ಮಾಡೋಣ. ಮುಂದಿನ ಒಂದು ಚಕ್ರದ ಮೇಲೆ 450 ಕಿಲೋ ಬಂತು ಅಂದುಕೊಳ್ಳಿ. ಅದರಲ್ಲಿ ಟೈರು, ರಿಮ್, ಬ್ರೇಕು ಇವೆಲ್ಲ ಸ್ಪ್ರಿಂಗಿನ ಕೆಳಗಿನ ಭಾರ. ಅದಕ್ಕೆ 50 ಕಿಲೋ ಕಳೆಯಿರಿ. ಉಳಿದದ್ದು 400. ರೇಶಿಯೋ ಅರ್ಧ, ಹಾಗಾಗಿ ಬ್ಯಾಗಿನ ಮೇಲೆ 800 ಕಿಲೋ. ಪೌಂಡಿನಲ್ಲಿ ಹೇಳುವುದಾದರೆ ಸುಮಾರು 1,760.

ಬ್ಯಾಗ್ ಹೊರುವ ಭಾರ ಅಂದರೆ ಒಳಗಿನ ಒತ್ತಡವನ್ನು ಅದರ ಕೆಲಸ ಮಾಡುವ ವಿಸ್ತೀರ್ಣದಿಂದ ಗುಣಿಸಿದಷ್ಟು. ಕೆಲಸ ಮಾಡುವ ವ್ಯಾಸ 6 ಇಂಚು ಇರುವ ಬ್ಯಾಗಿನ ವಿಸ್ತೀರ್ಣ ಸುಮಾರು 28 ಚದರ ಇಂಚು. ಒತ್ತಡವನ್ನು ಪಿಎಸ್‌ಐ, ಅಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಅಂತ ಅಳೆಯುತ್ತೇವೆ. 1,760 ಪೌಂಡ್ ಹೊರಲು ಅದಕ್ಕೆ 63 ಪಿಎಸ್‌ಐ ಬೇಕು. 5 ಇಂಚಿನದಾದರೆ 90 ಪಿಎಸ್‌ಐ. 7 ಇಂಚಿನದಾದರೆ 46. ಇಲ್ಲೊಂದು ಎಚ್ಚರ. ಕೆಲಸ ಮಾಡುವ ವ್ಯಾಸ ಅಂದರೆ ಬ್ಯಾಗಿನ ಹೊರಗಿನ ವ್ಯಾಸ ಅಲ್ಲ, ಅದಕ್ಕಿಂತ ಕಡಿಮೆ. ಅದು ಬ್ಯಾಗಿನ ಎತ್ತರದ ಜೊತೆ ಬದಲಾಗುತ್ತಲೂ ಇರುತ್ತದೆ. ಒಂದರ ಮೇಲೊಂದು ಉಬ್ಬು ಇರುವ ಬೆಲ್ಲೋಸ್ ಬ್ಯಾಗ್ ಮೇಲಕ್ಕೆ ಹಿಗ್ಗಿದಷ್ಟೂ ಅದರ ಕೆಲಸ ಮಾಡುವ ವಿಸ್ತೀರ್ಣ ಕುಗ್ಗುತ್ತದೆ. ತಯಾರಕರು ಇಷ್ಟು ಎತ್ತರದಲ್ಲಿ, ಇಷ್ಟು ಒತ್ತಡದಲ್ಲಿ ಇಷ್ಟು ಭಾರ ಅಂತ ಒಂದು ಪಟ್ಟಿ ಕೊಡುತ್ತಾರೆ. ಆ ಪಟ್ಟಿಯೇ ನಿಮ್ಮ ಆಧಾರ. ಪಟ್ಟಿ ಕೊಡದ ಬ್ಯಾಗನ್ನು ನಾನಂತೂ ಮುಟ್ಟುವುದಿಲ್ಲ.

ಇಲ್ಲಿ ಒಬ್ಬರು ಕೇಳಿದರು: "ಸಾರ್, ಜಾಸ್ತಿ ಒತ್ತಡ ಅಂದ್ರೆ ಕಾರು ಗಟ್ಟಿ ಆಗುತ್ತೆ ಅಲ್ವಾ? ಅದಕ್ಕೇ ದೊಡ್ಡ ಬ್ಯಾಗ್ ಹಾಕಿ ಅಂತಾರೆ."

ಎಲ್ಲರೂ ಹೇಳುವ ಮಾತು ಇದು, ಆದರೆ ಅರ್ಧ ಮಾತ್ರ ನಿಜ. ಕಾರಿನ ಭಾರ ಬದಲಾಗಿಲ್ಲ ತಾನೇ? ಹಾಗಿದ್ದರೆ ಸಣ್ಣ ಬ್ಯಾಗಿಗೆ 90 ಪಿಎಸ್‌ಐ ಬೇಕಾದದ್ದು ಆ ಭಾರ ಹೊರಲಿಕ್ಕೆ. ಅಷ್ಟರಿಂದಲೇ ಸವಾರಿ ಒರಟಾಗುವುದಿಲ್ಲ. ಗಟ್ಟಿತನ ಮುಖ್ಯವಾಗಿ ನಿಂತಿರುವುದು ಬೇರೆ ಕಡೆ. ಚಕ್ರ ಗುಂಡಿಗೆ ಬಿದ್ದು ಬ್ಯಾಗ್ 1 ಇಂಚು ಕುಗ್ಗಿದಾಗ ಒಳಗಿನ ಗಾಳಿಯ ಜಾಗ ಎಷ್ಟು ಪಾಲು ಕಡಿಮೆ ಆಗುತ್ತದೆ ಅನ್ನುವುದರ ಮೇಲೆ. 5 ಇಂಚು ಎತ್ತರದಲ್ಲಿ ನಿಂತ ಬ್ಯಾಗ್ 1 ಇಂಚು ಕುಗ್ಗಿದರೆ ಸುಮಾರು ಐದರಲ್ಲಿ ಒಂದು ಪಾಲು ಹೋಯಿತು. 3 ಇಂಚಿನಲ್ಲಿ ನಿಂತ ಬ್ಯಾಗ್ ಅಷ್ಟೇ ಕುಗ್ಗಿದರೆ ಮೂರರಲ್ಲಿ ಒಂದು ಪಾಲು ಹೋಯಿತು. ಎರಡನೆಯದು ಒದೆಯುತ್ತದೆ. ಹಾಗಾಗಿ "ನನ್ನ ಕಾರು ಎತ್ತಿನ ಗಾಡಿ ಥರ ಕುಲುಕುತ್ತೆ" ಅಂತ ಯಾರಾದರೂ ಬಂದರೆ ನಾನು ಗೇಜ್ ನೋಡುವ ಮೊದಲು ಟೇಪು ಹಿಡಿದು ಬ್ಯಾಗಿನ ಎತ್ತರ ನೋಡುತ್ತೇನೆ. ಬಹಳ ಸಲ ಬ್ಯಾಗ್ ತೀರಾ ಕುಳ್ಳಾಗಿ ಕೂತಿರುತ್ತದೆ, ಅಥವಾ ಆರ್ಮ್ ಆಗಲೇ ಬಂಪ್ ಸ್ಟಾಪಿಗೆ (ಅದು ಮೇಲೆ ಹೋಗುವುದನ್ನು ಕೊನೆಗೆ ತಡೆಯುವ ಗುಬಟಿಗೆ) ತಾಗುತ್ತಿರುತ್ತದೆ.

ಇನ್ನೊಂದು ತುದಿಯೂ ಇದೆ. ಒಂದೇ ಬ್ಯಾಗಿಗೆ ಗಾಳಿ ತುಂಬುತ್ತಾ ಹೋಗಿ ಕಾರನ್ನು ತುಂಬಾ ಎತ್ತರದಲ್ಲಿ ಓಡಿಸಿದರೆ ಅಲ್ಲೂ ಒರಟು. ಬ್ಯಾಗ್ ತನ್ನ ತುದಿಗೆ ಬಂದಿರುತ್ತದೆ, ಶಾಕ್ ಕೂಡ ಪೂರ್ತಿ ಎಳೆದುಕೊಂಡಿರುತ್ತದೆ. ಚಕ್ರ ಕೆಳಗೆ ಇಳಿಯಲು ಜಾಗವೇ ಇಲ್ಲ. "ಗಾಳಿ ಜಾಸ್ತಿ, ಅದಕ್ಕೇ ಗಟ್ಟಿ" ಅನ್ನುವ ಅನುಭವ ಜನರಿಗೆ ಬಂದದ್ದು ಹೆಚ್ಚಾಗಿ ಇಲ್ಲಿಂದಲೇ ಅಂತ ನನಗೆ ಅನಿಸುತ್ತದೆ.

ಹಾಗಾದರೆ ಬ್ಯಾಗ್ ಸರಿಯಾದ ಎತ್ತರದಲ್ಲಿ ನಿಲ್ಲುವಂತೆ ಮಾಡುವುದು ಹೇಗೆ? ಬ್ರಾಕೆಟ್. ಕಾಯಿಲ್ ಕೂತಿದ್ದ ಜಾಗ ಸಾಮಾನ್ಯವಾಗಿ ಬ್ಯಾಗಿಗಿಂತ ಎತ್ತರವೇ. ಮೇಲೊಂದು ಬಟ್ಟಲು, ಕೆಳಗೊಂದು ತಟ್ಟೆ ಮಾಡಿ ಆ ಅಂತರವನ್ನು ತುಂಬುತ್ತೇವೆ. ಅವುಗಳ ಒಟ್ಟು ಎತ್ತರವೇ ಬ್ಯಾಗ್ ಯಾವ ಎತ್ತರದಲ್ಲಿ ಓಡುತ್ತದೆ ಅಂತ ತೀರ್ಮಾನಿಸುತ್ತದೆ. ನೀವು ಅಳೆದ ಮೂರು ಅಂಕಿ ಈಗ ಕೆಲಸಕ್ಕೆ ಬಂದವು. ಬ್ರಾಕೆಟ್ಟಿನ ಎತ್ತರ ಕಳೆದ ಮೇಲೆ ಮಲಗಿದಾಗ ಸೀಟುಗಳ ನಡುವೆ 3.25 ಇಂಚು, ಓಡುವಾಗ 5.25, ಪೂರ್ತಿ ಎದ್ದಾಗ 6.75 ಉಳಿಯುತ್ತದೆ ಅಂದುಕೊಳ್ಳಿ. ಪೂರ್ತಿ ಕುಗ್ಗಿದಾಗ 3 ಇಂಚು ಆಗುವ, 7 ಇಂಚಿಗಿಂತ ಜಾಸ್ತಿ ಹಿಗ್ಗಬಲ್ಲ, 5.25ರಲ್ಲಿ 1,760 ಪೌಂಡನ್ನು ನಿರಾಳವಾಗಿ ಹೊರುವ ಬ್ಯಾಗ್ ನಿಮಗೆ ಬೇಕು. ಈಗ ಹುಡುಕಿ. ಫೈರ್‌ಸ್ಟೋನ್ ಇರಲಿ, ಸ್ಲ್ಯಾಮ್ ಸ್ಪೆಷಾಲಿಟೀಸ್ ಇರಲಿ, ಏರ್ ಲಿಫ್ಟ್ ಇರಲಿ, ಪಟ್ಟಿಯಲ್ಲಿ ಈ ಅಂಕಿಗಳಿಗೆ ಹೊಂದುವವು ಒಂದೆರಡೇ ಉಳಿಯುತ್ತವೆ. ಆಗ ಬೇಕಾದರೆ ಕಂಪನಿ ನೋಡಿ.

ಮಲಗಿದಾಗ ಕಾರಿನ ಭಾರ ಬ್ಯಾಗಿನ ತಟ್ಟೆಗಳ ಮೇಲೆ ಕೂರಬಾರದು. ಅದಕ್ಕೆ ಹೊರಗೊಂದು ಬಂಪ್ ಸ್ಟಾಪ್ ಇರಲಿ. ಪೂರ್ತಿ ಎದ್ದಾಗಲೂ ಅಷ್ಟೆ, ಬ್ಯಾಗೇ ಚಕ್ರವನ್ನು ಹಿಡಿದೆಳೆಯುವ ಹಗ್ಗ ಆಗಬಾರದು. ಶಾಕ್ ಅಥವಾ ಬೇರೊಂದು ಬೆಲ್ಟು ಆ ಕೆಲಸ ಮಾಡಲಿ.

ಶಾಕ್ ಅಂದಾಗ ನೆನಪಾಯಿತು. 1958ರಿಂದ 64ರವರೆಗಿನ ಶೆವ್ರೊಲೆ ಇಂಪಾಲಾ ಇಟ್ಟುಕೊಂಡವರು ಇದನ್ನು ಗಮನಿಸಿ. ಅದರಲ್ಲಿ ಮುಂದಿನ ಶಾಕ್ ಕಾಯಿಲ್ ಸ್ಪ್ರಿಂಗಿನ ನಡುವಿನಿಂದಲೇ ಹಾದುಹೋಗುತ್ತದೆ. ಆ ಜಾಗದಲ್ಲಿ ಬ್ಯಾಗ್ ಕೂತರೆ ಶಾಕಿಗೆ ಜಾಗ ಇಲ್ಲ. ಪಕ್ಕಕ್ಕೆ ಹೊಸ ಬ್ರಾಕೆಟ್ ಮಾಡಿ ಕೂರಿಸಲೇಬೇಕು. ಶಾಕನ್ನೇ ಬಿಟ್ಟುಬಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ಯಾಗ್ ಸ್ಪ್ರಿಂಗ್ ಅಷ್ಟೆ. ಅದು ಕುಣಿತ ನಿಲ್ಲಿಸುವುದಿಲ್ಲ.

ಇನ್ನು ಮುಂಭಾಗದಲ್ಲಿ ಡ್ರಾಪ್ ಸ್ಪಿಂಡಲ್ (ಚಕ್ರ ಕೂರುವ ಅಚ್ಚನ್ನು ಮೇಲಕ್ಕೆ ಸರಿಸಿ ಮಾಡಿದ ಭಾಗ) ಸಿಗುವ ಕಾರಾದರೆ ಅದನ್ನು ಹಾಕಿಕೊಳ್ಳಿ ಅಂತ ನನ್ನ ಸಲಹೆ. ಸಾಮಾನ್ಯವಾಗಿ 2 ಇಂಚು ತಗ್ಗಿಸುತ್ತದೆ. ಕಾರು ತಗ್ಗುತ್ತದೆ, ಆದರೆ ಆರ್ಮುಗಳ ಕೋನ ಮೊದಲಿನ ಹಾಗೇ ಉಳಿಯುತ್ತದೆ. ಬ್ಯಾಗಿಗೆ ತನ್ನ ಎತ್ತರ ಉಳಿಯುತ್ತದೆ. ಇದನ್ನು ಬಿಟ್ಟು ಬರೀ ಗಾಳಿ ಇಳಿಸಿ ತಗ್ಗಿನಲ್ಲೇ ಓಡಿಸುವುದು ಅಂದರೆ, ನಾವು ಆಗಲೇ ನೋಡಿದ ಕುಳ್ಳು ಬ್ಯಾಗಿನ ತೊಂದರೆಯನ್ನು ಕೈಯಾರೆ ತಂದುಕೊಂಡ ಹಾಗೆ.

ಹಿಂಭಾಗದ ಕಥೆ ಬೇರೆ.

1949ರಿಂದ 51ರವರೆಗಿನ ಮರ್ಕ್ಯುರಿಯಂಥ ಕಾರುಗಳಲ್ಲಿ ಹಿಂದೆ ಲೀಫ್ ಸ್ಪ್ರಿಂಗ್. ಆ ಪಟ್ಟಿಗಳು ಭಾರ ಹೊರುವುದರ ಜೊತೆಗೆ ಇನ್ನೊಂದು ದೊಡ್ಡ ಕೆಲಸ ಮಾಡುತ್ತಿರುತ್ತವೆ. ಆಕ್ಸಲನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಹೋಗದಂತೆ ಹಿಡಿದಿಡುವುದು ಅವೇ. ಬ್ಯಾಗ್ ಮೆತ್ತಗಿನ ವಸ್ತು, ಯಾವುದನ್ನೂ ಹಿಡಿದಿಡಲಾರದು. ಲೀಫ್ ತೆಗೆದು ಬ್ಯಾಗ್ ಹಾಕಬೇಕಾದರೆ ಮೊದಲು ಆಕ್ಸಲಿಗೆ ಫೋರ್ ಲಿಂಕ್, ಅಂದರೆ ಅದನ್ನು ಚಾಸಿಗೆ ಹಿಡಿದಿಡುವ ನಾಲ್ಕು ಸರಳುಗಳು ಬೇಕು. ನಾಲ್ಕು ಲಿಂಕುಗಳೂ ಸಮಾನಾಂತರವಾಗಿದ್ದರೆ ಅಡ್ಡಕ್ಕೆ ಸರಿಯದಂತೆ ಪ್ಯಾನ್‌ಹಾರ್ಡ್ ಬಾರ್ ಬೇಕು. ಆ ಬಾರು ಸಾಧ್ಯವಾದಷ್ಟು ಉದ್ದ ಇರಲಿ, ಓಡುವ ಎತ್ತರದಲ್ಲಿ ಮಟ್ಟವಾಗಿರಲಿ. ಇಲ್ಲದಿದ್ದರೆ ಕಾರು ಏರಿದಾಗ ಇಳಿದಾಗ ಆಕ್ಸಲ್ ಒಂದು ಬದಿಗೆ ಜಾರಿ ಟೈರು ಫೆಂಡರಿಗೆ ತಾಗುತ್ತದೆ.

ಲೀಫ್ ಇಟ್ಟುಕೊಂಡೇ ಮೇಲೆ ಬ್ಯಾಗ್ ಹಾಕುವವರೂ ಇದ್ದಾರೆ. ಕಡಿಮೆ ಕೆಲಸ, ಒಪ್ಪುತ್ತೇನೆ. ಆದರೆ ಭಾರದ ಬಹುಪಾಲು ಲೀಫೇ ಹೊರುತ್ತದೆ. ಗಾಳಿ ಬಿಟ್ಟರೂ ಕಾರು ಪೂರ್ತಿ ಮಲಗುವುದಿಲ್ಲ. ಬ್ಯಾಗಿನಲ್ಲಿ ಒತ್ತಡವೂ ತೀರಾ ಕಡಿಮೆ ಇರುತ್ತದೆ.

ಒತ್ತಡ ಕಡಿಮೆ ಇದ್ದರೆ ಏನು ತೊಂದರೆ ಅಂತ ಕೇಳಬಹುದು. ಲೆಕ್ಕ ಹಾಕಿ ನೋಡಿ. ಹಿಂದಿನ ಒಂದು ಚಕ್ರದ ಮೇಲೆ 350 ಕಿಲೋ. ಗಟ್ಟಿ ಆಕ್ಸಲ್ ಭಾರ ಜಾಸ್ತಿ, 60 ಕಳೆಯಿರಿ. ಉಳಿದದ್ದು 290 ಕಿಲೋ, ಸುಮಾರು 640 ಪೌಂಡ್. ಬ್ಯಾಗ್ ನೇರ ಆಕ್ಸಲಿನ ಮೇಲೇ ಕೂತರೆ ರೇಶಿಯೋ ಒಂದಕ್ಕೊಂದು. ಮುಂದಿನ 6 ಇಂಚಿನ ಬ್ಯಾಗನ್ನೇ ಹಿಂದೆಯೂ ಹಾಕಿದರೆ ಬರೀ 23 ಪಿಎಸ್‌ಐ! ಇಷ್ಟು ಕಡಿಮೆ ಗಾಳಿಯಲ್ಲಿ ರಬ್ಬರ್ ತನ್ನ ಆಕಾರ ಸರಿಯಾಗಿ ಹಿಡಿಯುವುದಿಲ್ಲ. ದೊಡ್ಡ ಗುಂಡಿಗೆ ಬಿದ್ದಾಗ ಮಡಿಕೆ ಒಳಕ್ಕೆ ಸಿಕ್ಕಿ ಹಾಕಿಕೊಳ್ಳಬಹುದು, ಜಜ್ಜಿ ಹೋಗಬಹುದು. "ನಾಲ್ಕಕ್ಕೂ ಒಂದೇ ಬ್ಯಾಗ್" ಅಂತ ಸೆಟ್ ಕೊಳ್ಳುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ದಾರಿ ಎರಡು. ಒಂದು, ಬ್ಯಾಗನ್ನು ಆಕ್ಸಲಿನಿಂದ ಮುಂದಕ್ಕೆ, ಟ್ರೇಲಿಂಗ್ ಆರ್ಮಿನ (ಚಾಸಿಯಿಂದ ಹಿಂದಕ್ಕೆ ಆಕ್ಸಲಿಗೆ ಹೋಗುವ ತೋಳಿನ) ನಡು ಭಾಗಕ್ಕೆ ತರುವುದು. ರೇಶಿಯೋ ಅರ್ಧ ಆದರೆ ಭಾರ 1,280 ಪೌಂಡಿಗೆ ಏರುತ್ತದೆ, ಅದೇ ಬ್ಯಾಗಿಗೆ 45 ಪಿಎಸ್‌ಐ ಬರುತ್ತದೆ. ಬ್ಯಾಗ್ ಆಡಿದ್ದರ ಇಮ್ಮಡಿ ಚಕ್ರ ಆಡುತ್ತದೆ, ಕಾರು ಚೆನ್ನಾಗಿ ಮಲಗುತ್ತದೆ. ಆದರೆ ಆರ್ಮ್ ಬಾಗದಷ್ಟು ಗಟ್ಟಿ ಇರಬೇಕು. ಇನ್ನೊಂದು, ಆಕ್ಸಲಿನ ಮೇಲೇ ಇಟ್ಟು ಸಣ್ಣ ವ್ಯಾಸದ ಸ್ಲೀವ್ ಬ್ಯಾಗ್ ಹಾಕುವುದು. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಸವಾರಿ ಮೆತ್ತಗಿರುತ್ತದೆ. ಆದರೆ ಬ್ಯಾಗುಗಳನ್ನು ಒಂದಕ್ಕೊಂದು ಹತ್ತಿರ ಇಡಬೇಡಿ. ಚಕ್ರಗಳ ಕಡೆಗೆ ಎಷ್ಟು ಹೊರಗೆ ಹೋದರೆ ಅಷ್ಟು ಒಳ್ಳೆಯದು. ಒಳಕ್ಕೆ ಇಟ್ಟಷ್ಟೂ ತಿರುವಿನಲ್ಲಿ ಕಾರು ವಾಲುತ್ತದೆ.

ಬೆಲ್ಲೋಸ್, ಸ್ಲೀವ್ ಅಂತ ಹೇಳುತ್ತಿದ್ದೇನೆ, ಅವೆರಡರ ವ್ಯತ್ಯಾಸ ಹೇಳಿಬಿಡುತ್ತೇನೆ. ಬೆಲ್ಲೋಸ್ ಅಂದರೆ ಒಂದರ ಮೇಲೊಂದು ಎರಡು ಉಬ್ಬು, ನಡುವೆ ಒಂದು ಬಳೆ. ಕುಳ್ಳು, ದಪ್ಪ, ಜಾಸ್ತಿ ಭಾರ ಹೊರುತ್ತದೆ, ಸ್ವಲ್ಪ ಓರೆಯಾದರೂ ಸಹಿಸುತ್ತದೆ. ಆರ್ಮ್ ಕಮಾನಿನಂತೆ ತಿರುಗುವ ಮುಂಭಾಗಕ್ಕೆ ಹೇಳಿ ಮಾಡಿಸಿದ್ದು. ಸ್ಲೀವ್ ಅಂದರೆ ಕೆಳಗಿನ ಪಿಸ್ಟನ್ ಮೇಲೆ ರಬ್ಬರ್ ಉರುಳಿಕೊಂಡು ಇಳಿಯುವಂಥದ್ದು. ತೆಳ್ಳಗೆ, ಉದ್ದ ಚಲನೆ, ಮೆತ್ತನೆಯ ಸವಾರಿ. ಓರೆಯಾಗುವುದನ್ನು ಅಷ್ಟಾಗಿ ಸಹಿಸದು. ಯಾವುದೇ ಆಗಲಿ, ಓಡುವ ಎತ್ತರದಲ್ಲಿ ಮೇಲಿನ ತಟ್ಟೆ ಕೆಳಗಿನ ತಟ್ಟೆ ಒಂದಕ್ಕೊಂದು ಸಮಾನಾಂತರವಾಗಿ, ನೇರ ಮೇಲೆ ಕೆಳಗೆ ಬರುವಂತೆ ಬ್ರಾಕೆಟ್ ಮಾಡಿ. ಓರೆ ಬರುವುದಾದರೆ ಮಲಗಿದಾಗ ಬರಲಿ.

ಈಗ ಬ್ಯಾಗ್ ಸಾಯುವುದು ಯಾವುದರಿಂದ ಅಂತ ಹೇಳುತ್ತೇನೆ. ಒಳ್ಳೆಯ ಬ್ಯಾಗುಗಳು ಒಳಗೆ ನೂಲಿನ ಪದರ ಇಟ್ಟು ಮಾಡಿದ ಗಟ್ಟಿ ರಬ್ಬರಿನವು. ಬರೀ ಒತ್ತಡದಿಂದ ಅವು ಸುಲಭಕ್ಕೆ ಒಡೆಯುವುದಿಲ್ಲ. ಉಜ್ಜಿ ಸಾಯುತ್ತವೆ. ನನ್ನ ಕೈಗೆ ಬಂದ ಒಂದು ಬ್ಯಾಗನ್ನು ಹೇಳುತ್ತೇನೆ. ನೋಡಲು ಹೊಸದೇ. ಮೇಲಿನ ಉಬ್ಬಿನ ಒಂದು ಕಡೆ ಬೆರಳಿನ ಅಗಲದಷ್ಟು ಜಾಗ ಮಾತ್ರ ಕನ್ನಡಿ ಥರ ಹೊಳೆಯುತ್ತಿತ್ತು. ಉಗುರು ಇಟ್ಟು ನೋಡಿದರೆ ಒಳಗಿನ ನೂಲು ಕೈಗೆ ತಾಗುತ್ತಿತ್ತು. ಕಾರಿನ ಕೆಳಗೆ ಹೋಗಿ ಸ್ಪ್ರಿಂಗ್ ಪಾಕೆಟ್ಟಿನ ಒಳಗೆ ಕೈಯಾಡಿಸಿದಾಗ ಕಾರಣ ಸಿಕ್ಕಿತು. ಕಾರ್ಖಾನೆಯ ವೆಲ್ಡಿಂಗಿನ ಒಂದು ಮುಳ್ಳು, ಅಕ್ಕಿಕಾಳಿನಷ್ಟು. ಕಾಯಿಲ್ ಸ್ಪ್ರಿಂಗಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಉಬ್ಬಿ ಕುಗ್ಗುವ ರಬ್ಬರಿಗೆ ಅದು ಅರ ಆಗಿತ್ತು.

ಹಾಗಾಗಿ ಪಾಕೆಟ್ಟನ್ನು ಗ್ರೈಂಡರ್ ಹಿಡಿದು ನುಣುಪು ಮಾಡಿ. ಬ್ಯಾಗನ್ನು ಪೂರ್ತಿ ಗಾಳಿಯಲ್ಲಿ ಉಬ್ಬಿದ ಅಗಲಕ್ಕೆ ಅಳೆಯಿರಿ, ಖಾಲಿ ಬ್ಯಾಗಿನ ಅಗಲಕ್ಕಲ್ಲ. ಸುತ್ತ 1 ಇಂಚು ಬಿಟ್ಟರೆ ನಿಶ್ಚಿಂತೆ. ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ, ಕಾರನ್ನು ಮಲಗಿಸಿ, ಏರಿಸಿ, ಒಂದೊಂದು ಸ್ಥಿತಿಯಲ್ಲೂ ಟಾರ್ಚ್ ಬಿಟ್ಟು ನೋಡಿ. ಬ್ರೇಕ್ ಪೈಪು, ಟೈರಿನ ಒಳಗೋಡೆ, ಬೋಲ್ಟಿನ ತುದಿ ಯಾವುದೂ ಹತ್ತಿರ ಬರಬಾರದು. ಸೈಲೆನ್ಸರ್ ಪೈಪು ಪಕ್ಕದಲ್ಲಿದ್ದರೆ ನಡುವೆ ಶಾಖ ತಡೆಯುವ ತಗಡು ಇರಲಿ. ಬ್ಯಾಗ್ ಜಾಗದಲ್ಲಿದ್ದಾಗ ಹತ್ತಿರದಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಒಂದು ಕಿಡಿ ಸಾಕು. ಬೋಲ್ಟ್ ಬಿಗಿಯದ ಬ್ಯಾಗಿಗೆ ಕೈಯಲ್ಲಿ ಹಿಡಿದು ಗಾಳಿ ತುಂಬಿಸಿ ನೋಡುವುದೂ ಬೇಡ, ಅಪಾಯ.

"ಓಡುವಾಗ ಬ್ಯಾಗ್ ಒಡೆದರೆ?" ಅಂತ ಹಿಂದಿನ ಸಾಲಿನಲ್ಲಿದ್ದ ಅಕ್ಕ ಒಬ್ಬರು ಕೇಳಿದರು. ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ, ಯಾಕೆಂದರೆ ಇದನ್ನು ಯಾರೂ ಕೇಳುವುದಿಲ್ಲ. ಕಾರು ಕಟ್ಟುವ ಮೊದಲೇ ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳಬೇಕು. ಒಂದು ಮೂಲೆಯ ಗಾಳಿ ಪೂರ್ತಿ ಹೋದರೂ ಸ್ಟೀರಿಂಗ್ ತಿರುಗಬೇಕು, ಟೈರು ಫೆಂಡರಿಗೆ ಸಿಕ್ಕಿ ಹಾಕಿಕೊಳ್ಳಬಾರದು, ಚಾಸಿ ರಸ್ತೆಗೆ ಕಚ್ಚಬಾರದು. ಆಗಲೇ ಹೇಳಿದ ರಿಮ್ಮಿನ ಗೆರೆ ಇಲ್ಲಿ ಬೇಕು. ಓಡುವ ಎತ್ತರದಲ್ಲಿ ಟೈರಿನ ಗಾಳಿ ಹೋಗಿ ಕಾರು ರಿಮ್ಮಿನ ಮೇಲೆ ಬಂದರೂ ಕಾರಿನ ಯಾವ ಭಾಗವೂ ನೆಲಕ್ಕೆ ತಾಗಬಾರದು. ಬ್ಯಾಗ್ ಹೋದಾಗ ಆರ್ಮನ್ನು ತಡೆಯುವ ಬಂಪ್ ಸ್ಟಾಪ್ ಎಲ್ಲಿರಬೇಕು ಅಂತ ನಿರ್ಧರಿಸುವಾಗಲೂ ಇದೇ ಗೆರೆಯನ್ನು ನೋಡಿ. ನಿಲ್ಲಿಸಿದಾಗ ಪೂರ್ತಿ ನೆಲಕ್ಕೆ ಕೂರುವ ಕಾರು ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಅದಕ್ಕೋಸ್ಕರ ಈ ಅಂತರವನ್ನು ಪೂರ್ತಿ ಬಿಟ್ಟುಕೊಡುವ ಕಾರಿನಲ್ಲಿ ನಾನು ನನ್ನ ಮನೆಯವರನ್ನು ಕೂರಿಸಲಾರೆ. ಮಲಗಿದಾಗ ನೆಲಕ್ಕೂ ಚಾಸಿಗೂ ಒಂದು ಇಂಚು ಉಳಿದರೆ ಏನೂ ಕಳೆದುಹೋಗುವುದಿಲ್ಲ.

ಪೈಪು, ವಾಲ್ವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕು ಮೂಲೆಗೂ ಬೇರೆ ಬೇರೆ ವಾಲ್ವ್ ಇರಲಿ. ಎಡ ಬಲ ಬ್ಯಾಗುಗಳನ್ನು ಒಂದೇ ಪೈಪಿಗೆ ಸೇರಿಸಿದರೆ ತಿರುವಿನಲ್ಲಿ ಹೊರಗಿನ ಬ್ಯಾಗಿನ ಗಾಳಿ ಒಳಗಿನ ಬ್ಯಾಗಿಗೆ ನುಗ್ಗುತ್ತದೆ. ಕಾರು ಬೇಡವಾದ ಕಡೆಗೇ ಇನ್ನಷ್ಟು ವಾಲುತ್ತದೆ. ಗೇಜಿನಲ್ಲಿ ಕಾಣುವುದು ಭಾರ, ಎತ್ತರ ಅಲ್ಲ. ಹಿಂದೆ ಇಬ್ಬರು ಕೂತರೆ ಅದೇ ಎತ್ತರಕ್ಕೆ ಬೇರೆ ಒತ್ತಡ ಬೇಕು. ಚಳಿಯಲ್ಲಿ ಗಾಳಿ ಕುಗ್ಗಿ ಬೆಳಗ್ಗೆ ಕಾರು ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ, ಸೋರಿಕೆ ಇರಲೇಬೇಕು ಅಂತಿಲ್ಲ. ದುಡ್ಡು ಇದ್ದರೆ ಎತ್ತರ ಅಳೆಯುವ ಸೆನ್ಸರಿಗೆ ಖರ್ಚು ಮಾಡಿ, ದೊಡ್ಡ ವಾಲ್ವಿಗೆ ಅಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾರು ಎಗರಿ ಬೀಳುವುದು ಅರವತ್ತು ಎಪ್ಪತ್ತು ವರ್ಷದ ಬಾಡಿಗೆ ಒಳ್ಳೆಯದಲ್ಲ. ಟ್ಯಾಂಕಿನ ಕೆಳಗೆ ನೀರು ಬಿಡುವ ನಲ್ಲಿ ಇರಲಿ, ಅದನ್ನು ಆಗಾಗ ತೆರೆಯಿರಿ. ವಾಲ್ವುಗಳನ್ನು ಕೊಲ್ಲುವುದು ಆ ನೀರೇ.

ಬ್ಯಾಗಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಎಷ್ಟೇ ಗಾಳಿ ಇರಲಿ, ಸ್ಟ್ಯಾಂಡ್ ಇಲ್ಲದೆ ಇಲ್ಲ. ಯಾವ ಫಿಟ್ಟಿಂಗ್ ಬಿಚ್ಚುವ ಮೊದಲೂ ಗಾಳಿ ಪೂರ್ತಿ ಇಳಿಸಿ.

ಕೊನೆಗೆ ಒಬ್ಬ ಹುಡುಗ ಕೇಳಿದ: "ಅಣ್ಣ, ಬಳಸಿದ ಬ್ಯಾಗ್ ಕಡಿಮೆಗೆ ಸಿಕ್ಕರೆ ತಗೋಬಹುದಾ?"

ಬೇಡಪ್ಪಾ. ಬ್ರಾಕೆಟ್ ತಗೋ, ಫೋರ್ ಲಿಂಕ್ ನೇರವಾಗಿದ್ದರೆ ತಗೋ. ಟ್ಯಾಂಕ್ ಆದರೆ ಒಳಗೆ ತುಕ್ಕು ಹಿಡಿದಿಲ್ಲ ಅಂತ ನೋಡಿ ತಗೋ. ಬ್ಯಾಗ್ ಮಾತ್ರ ಹೊಸದು. ಹಳೆ ಬ್ಯಾಗಿನ ಮಡಿಕೆಯನ್ನು ಹೆಬ್ಬೆರಳಿನಿಂದ ಅಗಲಿಸಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು ಕಾಣಬಹುದು. ಕಾಣದಿದ್ದರೂ ಅದು ಯಾವ ಕಾರಿನಲ್ಲಿ, ಎಷ್ಟು ಎತ್ತರದಲ್ಲಿ, ಏನಕ್ಕೆ ಉಜ್ಜಿಕೊಂಡು ಓಡಿದೆ ಅಂತ ನಿನಗೆ ತಿಳಿಯುವ ದಾರಿ ಇಲ್ಲ. ಹೊಸದು ಹಾಕಿದ ಮೇಲೂ ಮೊದಲ ಕೆಲವು ಓಟ ಆದ ತಕ್ಷಣ ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಎಲ್ಲ ಬೋಲ್ಟ್ ಬಿಗಿ ನೋಡು, ಫಿಟ್ಟಿಂಗುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡು. ಬ್ಯಾಗನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸುತ್ತಲೂ ಟಾರ್ಚ್ ಬಿಟ್ಟು ಹೊಳೆಯುವ ಜಾಗ ಹುಡುಕು. ಹೊಳಪು ಕಂಡ ಕಡೆ ಯಾವುದೋ ತಾಗುತ್ತಿದೆ ಅಂತ ಅರ್ಥ. ಆವತ್ತೇ ಬಿಚ್ಚಿ ಸರಿ ಮಾಡು. ವೀಲ್ ಅಲೈನ್‌ಮೆಂಟನ್ನು ಕಡೆಗೆ ಇಟ್ಟುಕೋ, ಅದೂ ಓಡುವ ಎತ್ತರದಲ್ಲೇ ಮಾಡಿಸು.